ಮಗುವಿನ ಪಾಲಿನ ರೇಷನ್: ಕಾರ್ಡ್ ಹಿಂದೆ ಓಡುವ ಮೊದಲು ಮಾಡಬೇಕಾದ ಕೆಲಸಗಳು

ನಮ್ಮ ಎರಡನೇ ಮಗಳ ಹೆಸರು ರೇಷನ್ ಕಾರ್ಡಿಗೆ ಸೇರಲು 14 ತಿಂಗಳು ಹಿಡಿಯಿತು. ತಪ್ಪು ಅರ್ಧ ನಮ್ಮದೇ. ಅವಳ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು, ಮನೆದೇವರಿಗೆ ಹೋಗಿ ಬರದೆ ಹೆಸರಿಡಬಾರದು ಅಂತ ನಮ್ಮತ್ತೆ ಹಟ ಹಿಡಿದಿದ್ದರು, ಒಕ್ಕಲಿನವರೆಲ್ಲ ಕೂಡಿ ಅಲ್ಲಿಗೆ ಹೊರಡುವ ಹೊತ್ತಿಗೆ ಮಗು ಗೋಡೆ ಹಿಡಿದು ನಿಲ್ಲುತ್ತಿತ್ತು. ಹೆಸರಿಲ್ಲದ ಪತ್ರ ಇಟ್ಟುಕೊಂಡು ಆಧಾರ್‌ಗೆ ಹೋದೆವು, ವಾಪಸ್ ಕಳಿಸಿದರು. ಆಧಾರ್ ಇಲ್ಲದೆ ಕಾರ್ಡಿಗೆ ಹೋದೆವು, ಅಲ್ಲೂ ಅದೇ ಉತ್ತರ. ತಿಂಗಳಿಗೆ 5 ಕೆಜಿ ಲೆಕ್ಕ ಹಿಡಿದರೂ 70 ಕೆಜಿ ಅಕ್ಕಿ ಹೋಯಿತು.

ಆಮೇಲೆ ಬೀದಿಯಲ್ಲಿ ಯಾರಿಗೆ ಮಗುವಾದರೂ ನನ್ನನ್ನೇ ಕೇಳುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ, "ಅಕ್ಕಾ, ಬಿಪಿಎಲ್ ಕಾರ್ಡ್ ಮಾಡಿಸೋದು ಹೇಗೆ?" ನಾನು ಹೇಳುವುದೂ ಒಂದೇ: ಕಾರ್ಡ್ ಆಮೇಲೆ ನೋಡೋಣ, ಅಂಗನವಾಡಿಗೆ ಹೋದ್ಯಾ? ಮಕ್ಕಳಿಗೆ ಸರ್ಕಾರ ಕೊಡುವ ಊಟದಲ್ಲಿ ಒಳ್ಳೆಯ ಪಾಲು ಯಾವ ಕಾರ್ಡನ್ನೂ ಕೇಳುವುದಿಲ್ಲ. ನಾವು ಕಾರ್ಡ್ ಹಿಂದೆ ಓಡುತ್ತಾ ಅದನ್ನು ಬಿಟ್ಟುಬಿಡುತ್ತೇವೆ.

ಇಲ್ಲಿ ಬರೆದಿರುವುದು ಕರ್ನಾಟಕದ ಲೆಕ್ಕ.

ಮೊದಲು: ಅಂಗನವಾಡಿಯಲ್ಲಿ ಹೆಸರು ಬರೆಸಿ

ಬಸುರಿ ಎಂದು ಗೊತ್ತಾದ ಕೂಡಲೇ ಹೋಗಬೇಕು. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂಬ ಪದ್ಧತಿ ಬಹಳ ಮನೆಗಳಲ್ಲಿದೆ, ಇರಲಿ, ಅಂಗನವಾಡಿ ಟೀಚರಿಗೂ ಆಶಾ ಕಾರ್ಯಕರ್ತೆಗೂ ಮಾತ್ರ ಹೇಳಿ. ತಾಯಿ ಕಾರ್ಡ್, ಅಂದರೆ ಬಸುರಿಯ ಮತ್ತು ಮಗುವಿನ ತಪಾಸಣೆ ಬರೆದಿಡುವ ಪುಸ್ತಕ, ಅಲ್ಲಿಂದಲೇ ಶುರುವಾಗುತ್ತದೆ.

ಇದು ಸುಮ್ನೆ ಯಾರೋ ದಯೆ ತೋರಿಸಿ ಕೊಡುವುದಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಲ್ಲೇ ಬರೆದಿದೆ: ಬಸುರಿಗೆ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೆ, ಮತ್ತು ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಅಂಗನವಾಡಿಯಿಂದ ಪುಕ್ಕಟೆ ಆಹಾರ. ಬಿಪಿಎಲ್, ಎಪಿಎಲ್ ಭೇದ ಇಲ್ಲ. ಬಾಡಿಗೆ ಮನೆಯವರಾದರೂ ಸರಿ, ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರಾದರೂ ಸರಿ. "ನಿಮ್ಮ ಕಾರ್ಡ್ ಈ ಊರಿನದಲ್ಲ" ಅಂತ ಯಾರಾದರೂ ಹೇಳಿದರೆ, ಕಾರ್ಡಿಗೂ ಅಂಗನವಾಡಿಗೂ ಸಂಬಂಧ ಇಲ್ಲ ಎಂದು ಧೈರ್ಯವಾಗಿ ಹೇಳಿ.

ಬಸುರಿ, ಬಾಣಂತಿಯರಿಗೆ ಕರ್ನಾಟಕದಲ್ಲಿ ಮಾತೃಪೂರ್ಣ ಯೋಜನೆ ಇದೆ, 2017ರ ಅಕ್ಟೋಬರ್ 2ರಿಂದ. ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ, ತಿಂಗಳಿಗೆ 25 ದಿನ. ಅಂಗನವಾಡಿಗೇ ಹೋಗಿ ಕೂತು ಉಣ್ಣಬೇಕು ಎನ್ನುವುದು ಮೂಲ ಲೆಕ್ಕ. ಏಳೆಂಟು ತಿಂಗಳ ಬಸುರಿ ಬಿಸಿಲಲ್ಲಿ ಅಷ್ಟು ದೂರ ನಡೆಯಬೇಕಾ ಎಂದು ಮನೆಯವರು ಗೊಣಗುತ್ತಾರೆ, ಅದೂ ನಿಜವೇ. ಆದರೆ ಮನೆಗೆ ಬಂದ ಮೊಟ್ಟೆ ಸೊಸೆಯ ತಟ್ಟೆಗೆ ಬೀಳುತ್ತದೆ ಅಂತ ಗ್ಯಾರಂಟಿ ಇಲ್ಲ, ಅಲ್ವಾ? ಅಲ್ಲೇ ಕೂತು ತಿಂದರೆ ಅದು ಅವಳ ಹೊಟ್ಟೆಗೇ ಹೋಗುತ್ತದೆ. ನಾನಂತೂ ಹೋಗಿ ತಿನ್ನಿ ಎನ್ನುವವಳು.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಮೂರು ವರ್ಷದವರೆಗೆ ಆಹಾರವನ್ನು ಮನೆಗೆ ಒಯ್ಯಲು ಕೊಡುತ್ತಾರೆ. ಮೂರರಿಂದ ಆರು ವರ್ಷದವರು ಅಂಗನವಾಡಿಯಲ್ಲೇ ಉಣ್ಣುತ್ತಾರೆ. ಬೆಳಿಗ್ಗೆ ಏನಾದರೂ ತಿಂಡಿ, ಮಧ್ಯಾಹ್ನ ಬಿಸಿಯೂಟ, ಜೊತೆಗೆ ಹಾಲು, ಮೊಟ್ಟೆ. ಕಾಯ್ದೆ ಪ್ರಕಾರ ಈ ಮಕ್ಕಳಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು. ತೀರಾ ಸೊರಗಿದ ಮಗುವಿಗೆ 800 ಕ್ಯಾಲೊರಿ.

ಇನ್ನೊಂದು ವಿಷಯ. ಮನೆಗೆ ಕೊಡುವ ಆಹಾರಕ್ಕೆ 2025ರ ಜುಲೈನಿಂದ ಮುಖ ತೋರಿಸಬೇಕು. ಟೀಚರ್ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ತಾಯಿಯ ಫೋಟೊ ತೆಗೆದು ಆಧಾರ್ ಜೊತೆ ಹೊಂದಿಸುತ್ತಾರೆ, ಒಟಿಪಿಯೂ ಬರುತ್ತದೆ. ಕಷ್ಟ ಶುರುವಾಗುವುದೇ ಇಲ್ಲಿ: ಆಧಾರ್‌ಗೆ ಲಿಂಕ್ ಆದ ನಂಬರ್ ಗಂಡನದು, ಅವನು ಎಲ್ಲೋ ಕೆಲಸದಲ್ಲಿ ಇರುತ್ತಾನೆ, ಇಲ್ಲವೇ ಆ ಸಿಮ್ಮೇ ರೀಚಾರ್ಜ್ ಇಲ್ಲದೆ ಸತ್ತಿರುತ್ತದೆ. ಹಾಗಾಗಿ ಬಸುರಿಯಾದಾಗಲೇ ನಿಮ್ಮ ಆಧಾರ್‌ಗೆ ನಿಮ್ಮದೇ, ನಡೆಯುವ ನಂಬರ್ ಹಾಕಿಸಿಕೊಳ್ಳಿ. ಮಗುವಿನ ಆಧಾರ್ ಇಲ್ಲ ಎಂಬ ಕಾರಣಕ್ಕೆ ಅಂಗನವಾಡಿ ಆಹಾರ ನಿಲ್ಲಿಸುವಂತಿಲ್ಲ, ತಾಯಿಯದಿದ್ದರೆ ಸಾಕು.

ತವರಿಗೆ ಹೆರಿಗೆಗೆ ಹೋಗುವವರು ಇದನ್ನು ತಪ್ಪದೆ ಓದಿ. ನಿಮ್ಮ ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ ಇರುತ್ತದೆ, ನೀವು ಐದಾರು ತಿಂಗಳು ಅಮ್ಮನ ಮನೆಯಲ್ಲಿ. ಅಲ್ಲಿ ಕೇಳಿದರೆ "ನಮ್ಮ ಲಿಸ್ಟಲ್ಲಿ ಇಲ್ಲಮ್ಮ" ಎನ್ನುತ್ತಾರೆ. ಹೊರಡುವ ಮೊದಲು ಟೀಚರಿಗೆ ಹೇಳಿ ಹೆಸರನ್ನು ತವರಿನ ಅಂಗನವಾಡಿಗೆ ವರ್ಗ ಮಾಡಿಸಿ, ಅದೇ ಆ್ಯಪಿನಲ್ಲಿ ಆಗುತ್ತದೆ. ಬಾಣಂತನ ಮುಗಿಸಿ ವಾಪಸ್ ಬರುವಾಗಲೂ ಹಾಗೇ.

ತೋಳಿನ ಪಟ್ಟಿ

ಅಂಗನವಾಡಿಯಲ್ಲಿ ಒಂದು ಕಾಗದದ ಪಟ್ಟಿ ಇರುತ್ತದೆ, ಹಸಿರು, ಹಳದಿ, ಕೆಂಪು ಬಣ್ಣ. ಮಗುವಿನ ಎಡ ರಟ್ಟೆಗೆ ಸುತ್ತಿ ನೋಡುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಸಣ್ಣ ಇದ್ದರೆ ಕೆಂಪು, 12.5ರ ತನಕ ಹಳದಿ. ನಮ್ಮ ಪಕ್ಕದ ಮನೆಯ ಪುಟ್ಟನಿಗೆ ಸುತ್ತಿದಾಗ ಕೆಂಪಿನಲ್ಲಿ ನಿಂತಿತು. ಅವನ ಅಮ್ಮ ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡಿ, ಸರಿಯಾಗಿ ನೋಡಿ ಟೀಚರ್ ಎಂದಳು. ಮಗು ಸಣ್ಣ ಅಂತ ಬರೆಸಿಕೊಳ್ಳುವುದು ತಾಯಿಗೆ ಅವಮಾನದ ಹಾಗೆ ಕಾಣುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಬರೆಸಿಕೊಂಡರೆ ಮಾತ್ರ ಹೆಚ್ಚಿನ ಆಹಾರ ಬರುತ್ತದೆ, ಡಾಕ್ಟರ್ ತಪಾಸಣೆಯೂ ಆಗುತ್ತದೆ. ತೀರಾ ಬೇಕಾದರೆ ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ, ಸಾಮಾನ್ಯವಾಗಿ 14 ದಿನ, ತಾಯಿಯೂ ಮಗುವಿನ ಜೊತೆಗಿರಬಹುದು, ಕೂಲಿ ತಪ್ಪಿದ್ದಕ್ಕೆ ಅವಳಿಗೆ ಸ್ವಲ್ಪ ದುಡ್ಡೂ ಕೊಡುತ್ತಾರೆ. ಪುಟ್ಟ ಹೋಗಿ ಬಂದ. ಈಗ ನಮ್ಮ ಮನೆಯ ಬಿಸ್ಕತ್ ಡಬ್ಬಿ ಉಳಿಯುವುದಿಲ್ಲ.

ಮಗುವಿನ ಕಾಗದಗಳು: ಇದೇ ಕ್ರಮ, ಇದೇ ಕ್ರಮ

ಎರಡು ಸಲ ಬರೆದಿರುವುದು ಬೇಕಂತಲೇ. ಮೊದಲು ಜನನ ಪ್ರಮಾಣಪತ್ರ, ಆಮೇಲೆ ಆಧಾರ್, ಆಮೇಲೆ ರೇಷನ್ ಕಾರ್ಡ್. ಹಿಂದುಮುಂದು ಮಾಡಿದರೆ ನಮ್ಮ ಹಾಗೆ ಸುತ್ತುತ್ತೀರಿ.

ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಅವರೇ ಕಳಿಸುತ್ತಾರೆ, ಆದರೆ ಫಾರಂನಲ್ಲಿ ಅಪ್ಪ ಅಮ್ಮನ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡಿ. ಮಂಜಮ್ಮ, ಮಂಜುಳಾ ಎರಡೂ ನಮ್ಮ ಪಾಲಿಗೆ ಒಬ್ಬಳೇ, ಕಂಪ್ಯೂಟರಿಗೆ ಇಬ್ಬರು. ಇನಿಷಿಯಲ್ ಮುಂದೋ ಹಿಂದೋ ಎನ್ನುವುದೂ ತಲೆನೋವೇ.

ಮಗುವಿಗೆ ಹೆಸರಿಡದೆ ನೋಂದಣಿ ಆಗಿದ್ದರೆ ಗಾಬರಿ ಬೇಡ. 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದ ತನಕ ತಡ ಶುಲ್ಕ ಕಟ್ಟಿ ಸೇರಿಸಬಹುದು. ನಾಮಕರಣ ಯಾವಾಗ ಬೇಕಾದರೂ ಮಾಡಿ, ಕಾಗದದಲ್ಲಿ ಮಾತ್ರ ಬೇಗ ಹಾಕಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನದ ಸಾಕ್ಷಿಯಾಗಿ ಎಲ್ಲೆಡೆ ಇದೇ ಪತ್ರವನ್ನು ಕೇಳುತ್ತಾರೆ, ಹಾಗಾಗಿ ಮುಂದೆ ಶಾಲೆಗೂ ಬೇಕು.

ಐದು ವರ್ಷದೊಳಗಿನ ಮಗುವಿನ ಆಧಾರ್‌ಗೆ ಬೆರಳಚ್ಚು ಬೇಡ. ಜನನ ಪ್ರಮಾಣಪತ್ರ, ಜೊತೆಗೆ ಅಪ್ಪ ಅಥವಾ ಅಮ್ಮನ ಆಧಾರ್ ಮತ್ತು ಬೆರಳು ಸಾಕು. ಐದು ತುಂಬಿದ ಮೇಲೆ ಬೆರಳು, ಕಣ್ಣು ಎರಡನ್ನೂ ಕೊಟ್ಟು ಅಪ್‌ಡೇಟ್ ಮಾಡಿಸಬೇಕು, ಐದರಿಂದ ಏಳರೊಳಗೆ ಅದಕ್ಕೆ ದುಡ್ಡಿಲ್ಲ. ಇದನ್ನು ಮರೆತರೆ ಮುಂದೊಂದು ದಿನ ರೇಷನ್ ಇ-ಕೆವೈಸಿಯಲ್ಲಿ, ಅಂದರೆ ಬೆರಳು ಒತ್ತಿಸಿ ಆಧಾರ್ ಜೊತೆ ತಾಳೆ ನೋಡುವಾಗ, ಮಗುವಿನ ಹೆಸರು ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಕಾರ್ಡ್

ಕಾರ್ಡ್ ಮೂರು ಥರ. ತೀರಾ ಬಡವರಿಗೆ ಅಂತ್ಯೋದಯ, ಆದ್ಯತಾ ಕುಟುಂಬ ಅಂದರೆ ನಾವು ಬಿಪಿಎಲ್ ಎನ್ನುವುದು, ಮತ್ತು ಎಪಿಎಲ್. ಅಂತ್ಯೋದಯಕ್ಕೆ ಕೇಂದ್ರದ ಪಾಲು ಮನೆಗೆ 35 ಕೆಜಿ, ಎಷ್ಟೇ ಜನ ಇರಲಿ. ಬಿಪಿಎಲ್‌ನಲ್ಲಿ ತಲೆಗೆ 5 ಕೆಜಿ. ಹಾಲು ಕುಡಿಯುವ ಕೂಸೂ ಒಂದು ತಲೆಯೇ! ಇದನ್ನೇ ಜನ ಮರೆಯುವುದು. "ಅದು ಎಲ್ಲಿ ಅನ್ನ ಉಣ್ಣತ್ತೆ" ಎಂದು ಹೆಸರು ಸೇರಿಸದೆ ಬಿಡುತ್ತಾರೆ. ಕೂಸು ಉಣ್ಣದಿದ್ದರೆ ಅದರ ಅಮ್ಮ ಉಣ್ಣುತ್ತಾಳಲ್ಲ.

ಇದರ ಮೇಲೆ ರಾಜ್ಯದ ಅನ್ನಭಾಗ್ಯ ಇದೆ. 2023ರ ಜುಲೈನಿಂದ ಹೆಚ್ಚುವರಿ 5 ಕೆಜಿ ಬದಲಿಗೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರಲ್ಲಿ ಅದು ಅಕ್ಕಿಯಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಇಂದಿರಾ ಕಿಟ್ ಕೊಡುವ ತೀರ್ಮಾನ ಆಯಿತು. ಅಂದರೆ ತಲೆಗೆ 5 ಕೆಜಿ ಕಾಯ್ದೆಯದ್ದು, ಅದರ ಮೇಲಿನದು ರಾಜ್ಯದ್ದು, ಬದಲಾಗುತ್ತಾ ಇರುತ್ತದೆ. ಈ ತಿಂಗಳು ಏನು ಎಂದು ಅಂಗಡಿಯ ಬೋರ್ಡ್ ನೋಡಿಯೇ ಚೀಲ ಬಿಚ್ಚಿ.

ಬಿಪಿಎಲ್ ಯಾರಿಗೆ ಸಿಗುವುದಿಲ್ಲ? ಮನೆಯ ವರ್ಷದ ಆದಾಯ 1.20 ಲಕ್ಷ ದಾಟಿದವರು, ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು, ಸ್ವಂತ ಓಡಾಟಕ್ಕೆ ಕಾರು ಇರುವವರು, ಹಳ್ಳಿಯಲ್ಲಿ 3 ಹೆಕ್ಟೇರಿಗಿಂತ ಜಾಸ್ತಿ ಒಣಭೂಮಿ ಇರುವವರು, ಪೇಟೆಯಲ್ಲಿ 1,000 ಚದರ ಅಡಿಗಿಂತ ದೊಡ್ಡ ಸ್ವಂತ ಮನೆ ಇರುವವರು. ಹೊಟ್ಟೆಪಾಡಿಗೆ ಒಂದು ಟ್ಯಾಕ್ಸಿ ಓಡಿಸುತ್ತಿದ್ದರೆ ಅದು ಅಡ್ಡಿಯಾಗುವುದಿಲ್ಲ. ಗಾರೆ ಕೆಲಸದವನ ಮನೆಯಲ್ಲೂ ಈಗ ವರ್ಷಕ್ಕೆ 1.20 ಲಕ್ಷ ಬರುತ್ತದೆ, ಈ ಗೆರೆ ಯಾವ ಕಾಲದ್ದೋ ಎಂದು ನನಗೆ ಅನ್ನಿಸುತ್ತದೆ, ಆದರೆ ಸದ್ಯಕ್ಕೆ ಇರುವುದು ಇದೇ.

ಬೇಕಾಗುವುದು ಎಲ್ಲರ ಆಧಾರ್, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಚಿಕ್ಕ ಮಕ್ಕಳ ಜನನ ಪ್ರಮಾಣಪತ್ರ. ಆದಾಯ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ, ಅರ್ಜಿಯಲ್ಲಿ ಕೇಳುವುದು ಅದನ್ನೇ, ಒಂದು ಕಡೆ ಬರೆದಿಟ್ಟುಕೊಳ್ಳಿ. ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ, ಇದೂ ಕಾಯ್ದೆಯ ಮಾತು.

ಅರ್ಜಿ ಹಾಕುವುದು ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳಲ್ಲಿ. ತೊಂದರೆ ಏನೆಂದರೆ ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ತಿದ್ದುಪಡಿಯೂ ಅಷ್ಟೇ. ಇದ್ದಕ್ಕಿದ್ದಂತೆ ಕೆಲವು ದಿನ ಬಿಡುತ್ತಾರೆ, ಆಗ ಊರಿಗೆ ಊರೇ ಸಾಲು ನಿಲ್ಲುತ್ತದೆ, ಸರ್ವರ್ ಮಲಗುತ್ತದೆ. ನಾನು ಮಾಡಿದ್ದು ಇಷ್ಟು: ಎಲ್ಲಾ ಕಾಗದದ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಮೊಳೆಗೆ ನೇತುಹಾಕಿದೆ, ಕೇಂದ್ರದ ಹುಡುಗನ ನಂಬರ್ ತೆಗೆದುಕೊಂಡು ವಾರಕ್ಕೊಮ್ಮೆ "ಬಿಟ್ಟಿದ್ದಾರೇನಪ್ಪಾ" ಎಂದು ಕೇಳುತ್ತಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅವನೇ ಫೋನ್ ಮಾಡಿದ. ಒಲೆ ಮೇಲಿನ ಉಪ್ಪಿಟ್ಟು ಇಳಿಸಿ ಓಡಿದೆ. ಕೆಲಸ ಮುಗಿದಾಗ ಸ್ವೀಕೃತಿ ಚೀಟಿ ಕೊಟ್ಟ, ಅದನ್ನು ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ನೀವೂ ತೆಗೆದುಕೊಳ್ಳಿ, ಆ ಚೀಟಿಯ ಶಾಯಿ ಆರು ತಿಂಗಳಿಗೆ ಮಾಸಿ ಬಿಳಿ ಕಾಗದ ಆಗುತ್ತದೆ.

ಹೊಸದಾಗಿ ಮದುವೆಯಾದವರ ಕಥೆ ಬೇರೆ. ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ. ಅಲ್ಲಿ ತೆಗೆಸದೆ ಇಲ್ಲಿ ಸೇರುವುದಿಲ್ಲ. ತವರಿನವರು "ಇರಲಿ ಬಿಡು, 5 ಕೆಜಿ ಯಾಕೆ ಬಿಡೋದು" ಎನ್ನುತ್ತಾರೆ. ಅಮ್ಮನ ಹೆಸರು ಒಂದು ಕಾರ್ಡಲ್ಲಿ, ಅಪ್ಪನದು ಇನ್ನೊಂದರಲ್ಲಿ ಇದ್ದರೆ ಮಗುವಿನ ಹೆಸರು ಎಲ್ಲಿ ಎಂಬ ತಕರಾರು ಹುಟ್ಟುತ್ತದೆ. ಮದುವೆಯಾದ ವರ್ಷವೇ ಮುಗಿಸಿಬಿಡಿ.

ಅಂಗಡಿಯಲ್ಲಿ

ಹೆಬ್ಬೆಟ್ಟು ಒತ್ತಿದ ಮೇಲೆ ಯಂತ್ರದಿಂದ ಚೀಟಿ ಬರುತ್ತದೆ. ಅದರಲ್ಲಿ ಎಷ್ಟು ಕೆಜಿ ಎಂದಿದೆಯೋ ಅಷ್ಟೂ ತೂಗಿಸಿಕೊಳ್ಳಿ. ನಾನು ಹೋಗುತ್ತಿದ್ದ ಒಂದು ಅಂಗಡಿಯಲ್ಲಿ ಪ್ರತಿ ಸಲ 20 ರೂಪಾಯಿ ಇಸಿದುಕೊಳ್ಳುತ್ತಿದ್ದರು, ಕೇಳಿದರೆ ಲಾರಿ ಬಾಡಿಗೆ ಎನ್ನುತ್ತಿದ್ದರು. ಧಾನ್ಯಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ, 2023ರ ಜನವರಿಯಿಂದ ದೇಶದಾದ್ಯಂತ ಪುಕ್ಕಟೆ. ನಾನು ಜಗಳ ಆಡಲಿಲ್ಲ, ಅಂಗಡಿ ಬದಲಾಯಿಸಿದೆ. ರಾಜ್ಯದಲ್ಲಿ ನಿಮ್ಮ ಕಾರ್ಡಿಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ರೇಷನ್ ಸಿಗುತ್ತದೆ.

ಹೊರರಾಜ್ಯಕ್ಕೆ ದುಡಿಯಲು ಹೋದವರಿಗೂ ಇದು ಗೊತ್ತಿರಲಿ. ವಿಜಯಪುರ, ಕಲಬುರಗಿ ಕಡೆಯಿಂದ ಗೋವಾಕ್ಕೋ ಮುಂಬೈಗೋ ಹೋದ ಮನೆಯವರು ಅಲ್ಲಿಯ ಅಂಗಡಿಯಲ್ಲಿ ಕಾರ್ಡ್ ನಂಬರ್ ಅಥವಾ ಆಧಾರ್ ಹೇಳಿ ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಊರಲ್ಲಿ ಉಳಿದ ಅಜ್ಜಿ ಮಕ್ಕಳು ಅದೇ ತಿಂಗಳು ತಮ್ಮ ಪಾಲನ್ನು ಊರಲ್ಲೇ ತೆಗೆದುಕೊಳ್ಳಬಹುದು. ಅಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ, ಅನ್ನಭಾಗ್ಯದ ಹೆಚ್ಚುವರಿ ಸಿಗುವುದಿಲ್ಲ.

ಅಕ್ಕಿ ಆರಿಸುವಾಗ ಬಣ್ಣ ಸ್ವಲ್ಪ ಬೇರೆ ಇರುವ, ನೀರಿನಲ್ಲಿ ತೇಲುವ ಕಾಳು ಕಂಡರೆ ಪ್ಲಾಸ್ಟಿಕ್ ಅಕ್ಕಿ ಎಂದು ಹೆಕ್ಕಿ ಬಿಸಾಡಬೇಡಿ. ಅದು ಕಬ್ಬಿಣ, ಫೋಲಿಕ್ ಆಸಿಡ್, ಬಿ12 ಸೇರಿಸಿ ಮಾಡಿದ ಕಾಳು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ನಮ್ಮತ್ತೆ ಎರಡು ವರ್ಷ ಕಣ್ಣಿಗೆ ಕನ್ನಡಕ ಏರಿಸಿ ಒಂದೊಂದೇ ಆರಿಸಿ ಕೋಳಿಗೆ ಹಾಕಿದರು, ಕೋಳಿಗಳು ಗಟ್ಟಿಮುಟ್ಟಾಗಿವೆ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಗು ಮನೆಯಲ್ಲಿದ್ದರೆ ಮಾತ್ರ ಡಾಕ್ಟರನ್ನು ಕೇಳಿ ಬಳಸಿ.

ಶಾಲೆಗೆ ಸೇರಿದ ಮೇಲೆ

ಇಲ್ಲಿ ನೀವು ಮಾಡಬೇಕಾದ್ದು ಕಡಿಮೆ. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಒಂದರಿಂದ ಹತ್ತನೇ ತರಗತಿ ತನಕ ಬಿಸಿಯೂಟ ಇದೆ, ಹಾಜರಾತಿ ಇದ್ದರೆ ಸಾಕು. ಹಾಲು 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದಲ್ಲಿ, 150 ಮಿಲಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು, 2025ರಲ್ಲಿ ನಿಲ್ಲಿಸಿದರು. ನಿಮ್ಮ ಮಗುವಿಗೆ ಯಾವುದು ಎಂದು ಟೀಚರಿಗೆ ನೀವೇ ಹೇಳಿ, ಯಾಕೆಂದರೆ ಗೆಳೆಯರ ಜೊತೆ ಕೂತಾಗ ಮಕ್ಕಳ ಮನಸ್ಸು ಬೇರೆಯೇ ಇರುತ್ತದೆ, ಮನೆಗೆ ಬಂದು ಹೇಳುವುದೇ ಬೇರೆ. ಅನುದಾನ ಇಲ್ಲದ ಖಾಸಗಿ ಶಾಲೆಯಲ್ಲಿ ಇದ್ಯಾವುದೂ ಇಲ್ಲ. ಶಾಲೆ ಆರಿಸುವಾಗ ಫೀಸಿನ ಜೊತೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊಡದಿದ್ದರೆ

ಅಂಗನವಾಡಿ ಟೀಚರನ್ನು ಬೈಯುವ ಮೊದಲು ಸಾಮಾನು ಬಂದಿದೆಯಾ ಎಂದು ಕೇಳಿ. ಎಷ್ಟೋ ಸಲ ಅವರೇ ಕೈಯಿಂದ ಹಾಕಿ ಮೊಟ್ಟೆ ತಂದಿರುತ್ತಾರೆ. ಮೇಲ್ವಿಚಾರಕಿ, ಆಮೇಲೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ, ಈ ದಾರಿ ಹಿಡಿಯಿರಿ. ಊರಲ್ಲಿ ಬಾಲವಿಕಾಸ ಸಮಿತಿ ಇರುತ್ತದೆ, ಅದರಲ್ಲಿ ಯಾರಿದ್ದಾರೆ ಅಂತ ವಿಚಾರಿಸಿ, ಬಹುಶಃ ನಿಮ್ಮ ಪಕ್ಕದ ಮನೆಯವರೇ ಇರುತ್ತಾರೆ. ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ.

ರೇಷನ್ ವಿಷಯಕ್ಕೆ ತಾಲ್ಲೂಕು ಕಚೇರಿಯ ಆಹಾರ ನಿರೀಕ್ಷಕರು, ಅವರ ಮೇಲೆ ಆಹಾರ ಶಿರಸ್ತೇದಾರರು. ಫೋನಿನಲ್ಲಾದರೆ 1967. ಯಾವ ಇಲಾಖೆ ಎಂದೇ ತಿಳಿಯದಿದ್ದರೆ ರಾಜ್ಯದ ಜನಸ್ಪಂದನ ನಂಬರ್ 1902 ಇದೆ. ಫೋನ್ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ, ಸಂಖ್ಯೆ ಕೊಡದಿದ್ದರೆ ದೂರು ದಾಖಲಾಗಿಲ್ಲ ಎಂದೇ ಅರ್ಥ. ಬಾಯಿ ಮಾತಿಗಿಂತ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಬರುವುದು ಒಳ್ಳೆಯದು. ನಮ್ಮ ಮಗಳ ಹೆಸರು ಕೊನೆಗೆ ಸೇರಿದ್ದು ಆ ಸೀಲಿನ ಕಾಗದ ತೋರಿಸಿದ ಮೇಲೆಯೇ. ಕಾರ್ಡಿನಲ್ಲಿ ಅವಳ ಹೆಸರು ಸಿಂಚನ ಹೋಗಿ ಸಿಂಛನ ಆಗಿದೆ. ಅಕ್ಕಿ ಸರಿಯಾಗಿ ಬರುತ್ತಿದೆ, ತಿದ್ದುಪಡಿ ಮತ್ತೆ ಬಿಟ್ಟಾಗ ಹುಡುಗ ಫೋನ್ ಮಾಡುತ್ತೇನೆ ಎಂದಿದ್ದಾನೆ, ಕವರ್ ಮೊಳೆಯಲ್ಲೇ ಇದೆ.